ಜೀಪಿನ ಕೆಳಗೆ ನಾನು, ಗೇಟಿನಾಚೆ ಚನ್ನಣ್ಣ

ಕಳೆದ ರವಿವಾರ ನಮ್ಮ ಓಣಿಯ ಜನ ಪುಕ್ಕಟೆ ಒಂದು ನಾಟಕ ನೋಡಿದರು.

ನಾನು ನಮ್ಮ ಅಂಗಳದಲ್ಲಿ, ಹಳೇ ಜೀಪಿನ ಕೆಳಗೆ, ಗೋಣಿಚೀಲದ ಮೇಲೆ ಅಂಗಾತ ಮಲಗಿದ್ದೆ. ಪಕ್ಕದಲ್ಲಿ ಬ್ಯಾಡಗಿಯ ಶಾಂತಕ್ಕ, ಸೆರಗನ್ನು ಟೊಂಕಕ್ಕೆ ಬಿಗಿದು, ಕೈಯಲ್ಲಿ ಪಾನಾ ಹಿಡಿದು ಕೂತಿದ್ದರು. (ಪಾನಾ ಅಂದರೆ ಸ್ಪ್ಯಾನರು. ಶಾಂತಕ್ಕ ಅದನ್ನು ಸವಟು ಹಿಡಿದ ಹಾಗೆ ಹಿಡಿದಿದ್ದರು.) ಶಾಂತಕ್ಕನ ಗಂಡ ಚನ್ನಣ್ಣ ಎಲ್ಲಿದ್ದರು? ಗೇಟಿನ ಆಚೆ. ರಸ್ತೆಯಲ್ಲಿ. ಬಿಳಿ ಅಂಗಿ, ಬಿಳಿ ಧೋತರ, ಕೈ ಹಿಂದೆ ಕಟ್ಟಿಕೊಂಡು, ಮುಖ ರಸ್ತೆಯ ಕಡೆ ತಿರುಗಿಸಿ ನಿಂತು ನಮಗೆ ಕೂಗಿ ಕೂಗಿ ಹೇಳುತ್ತಿದ್ದರು.

"ಎಡಕ್ಕ ತಿರವ್ರೀ, ಎಡಕ್ಕ!"

"ಯಾರ ಎಡಕ್ಕ್ರೀ? ಅವ್ರು ಮಕಾ ಮ್ಯಾಲ ಮಾಡಿ ಮಲಗ್ಯಾರ, ನಾ ಕೆಳಗ ಮಾಡಿ ಕುಂತೇನಿ!" ಅಂತ ಶಾಂತಕ್ಕ ಇಲ್ಲಿಂದ.

ಜೀಪು ರಿಪೇರಿ ಗೊತ್ತಿದ್ದ ಗಂಡಸು ಹೊರಗೆ. ಗೊತ್ತಿಲ್ಲದ ಇಬ್ಬರು ಹೆಂಗಸರು ಒಳಗೆ. ನಡುವೆ ಗೇಟು. ಗೇಟಿಗೆ ಚಿಲಕ ಕೂಡ ಹಾಕಿರಲಿಲ್ಲ ಮತ್ತೆ!

ಹಾಗಾದರೆ ಆ ಮನುಷ್ಯ ಒಳಗೆ ಯಾಕೆ ಬರಲಿಲ್ಲ? ಅದನ್ನೇ ಈ ವಾರ ನಿಮ್ಮ ಮುಂದೆ ಹೇಳಿಕೊಳ್ಳಬೇಕು ಅಂತ ಕೂತಿದ್ದೇನೆ.

ಹೊಸ ಓದುಗರಿದ್ದರೆ ಅವರಿಗಾಗಿ: ನಾನು ಹಾವೇರಿಯಲ್ಲಿ ಒಬ್ಬಳೇ ಇರುವವಳು. ರಾಣೆಬೆನ್ನೂರಿನ ಒಂದು ಪಿಯು ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತೇನೆ, ದಿನಾ ಬಸ್ಸಿಗೆ ಹೋಗಿ ಬರುತ್ತೇನೆ. ಮಕ್ಕಳಿಲ್ಲ. ನಮ್ಮವರು, ಶಿವಾನಂದ, ತೀರಿಕೊಂಡು ಇದು ಎರಡನೇ ವರ್ಷ. ಅವರು ಬಿಟ್ಟುಹೋದದ್ದು ಅಗಡಿಯಲ್ಲಿ ಒಂದಿಷ್ಟು ಹೊಲ, ಮತ್ತು ಈ ಜೀಪು. ಹೊಲವನ್ನು ಬೇರೆಯವರು ಮಾಡುತ್ತಾರೆ. ಜೀಪನ್ನು ನಾನೇ ಓಡಿಸುತ್ತೇನೆ, ರವಿವಾರಕ್ಕೊಮ್ಮೆ ಅಗಡಿಯ ತನಕ. ಹೊಲ ನೋಡುವುದಕ್ಕೆ ಅಂತ ಹೇಳುತ್ತೇನೆ. ಗೋವಿನಜೋಳ ನನ್ನನ್ನು ನೋಡಿ ಏನೂ ಬೇಗ ಬೆಳೆಯುವುದಿಲ್ಲ. ಮನೆಯಿಂದ ಹೊರಗೆ ಹೋಗಬೇಕಲ್ಲ, ಅದಕ್ಕೆ.

ಈಚೆಗೆ ಆ ಜೀಪು ಸದ್ದು ಮಾಡತೊಡಗಿತು. ಕ್ಲಚ್ ಬಿಟ್ಟ ಕೂಡಲೇ ಕೆಳಗೆಲ್ಲೋ 'ಖಣ್' ಅನ್ನುವುದು. ನಿಧಾನಕ್ಕೆ ಹೋದರೆ ಗುಬ್ಬಿಮರಿ ಕೂಗಿದ ಹಾಗೆ ಚೀಂವ್ ಚೀಂವ್. ಸ್ವಲ್ಪ ಜೋರು ಹೋದರೆ ಸೀಟಿನ ಕೆಳಗೆ ನಡುಕ.

ನನಗೆ ಅದೇನು ಅಂತ ಗೊತ್ತು. ಎಂಜಿನ್ ಇರುವುದು ಜೀಪಿನ ಮುಂದೆ, ತಿರುಗಬೇಕಾದ ಗಾಲಿ ಇರುವುದು ಹಿಂದೆ. ನಡುವೆ ಉದ್ದನೆಯ ಕಬ್ಬಿಣದ ಶಾಫ್ಟು ತಿರುಗುತ್ತ ಎರಡನ್ನೂ ಕೂಡಿಸುತ್ತದೆ. ನಮ್ಮ ರಸ್ತೆಗಳ ತಗ್ಗು ದಿನ್ನೆಯಲ್ಲಿ ಗಾಲಿ ಮೇಲೆ ಕೆಳಗೆ ಕುಣಿದರೂ ಶಾಫ್ಟು ಮುರಿಯಬಾರದಲ್ಲ? ಅದಕ್ಕೇ ಅದರ ಎರಡೂ ತುದಿಗೆ ಬಾಗುವ ಕೀಲು. ಪುಸ್ತಕದಲ್ಲಿ ಅದು ಯೂನಿವರ್ಸಲ್ ಜಾಯಿಂಟ್. ನೋಡುವುದಕ್ಕೆ ಲೆಕ್ಕದ ಅಧಿಕ ಚಿಹ್ನೆಯ ಹಾಗೆ ಇರುತ್ತದೆ, ಆದ್ದರಿಂದ ನಮ್ಮ ಕಡೆ ಎಲ್ಲರ ಬಾಯಲ್ಲಿ 'ಕ್ರಾಸ್'. ಆ ಕ್ರಾಸ್ ಸವೆದರೆ ಈ ಸದ್ದೆಲ್ಲ.

ಇತಿಹಾಸದ ಟೀಚರಿಗೆ ಇದೆಲ್ಲ ಹೇಗೆ ಗೊತ್ತು ಅನ್ನುತ್ತೀರಾ? ಮದುವೆಯಾದಾಗಿನಿಂದ ರವಿವಾರ ಅಂದರೆ ನಮ್ಮ ಮನೆಯಲ್ಲಿ ಜೀಪು ಬಿಚ್ಚುವ ದಿನ. ಕೆಟ್ಟಿದ್ದರೂ ಬಿಚ್ಚುತ್ತಿದ್ದರು, ಕೆಡದಿದ್ದರೂ ಬಿಚ್ಚುತ್ತಿದ್ದರು. ನಮ್ಮವರು, ಬ್ಯಾಡಗಿಯಿಂದ ಅವರ ಜೀವದ ಗೆಳೆಯ ಚನ್ನಣ್ಣ, ಜೊತೆಗೆ ಓಣಿಯ ಗಂಡಸರು ಯಾರು ಪುರುಸೊತ್ತಾಗಿದ್ದಾರೋ ಅವರು. ಒಬ್ಬರು ಜೀಪಿನ ಕೆಳಗೆ, ಉಳಿದವರು ಕಟ್ಟೆಯ ಮೇಲೆ. ಕೆಲಸ ಒಬ್ಬನದು, ಸಲಹೆ ಎಲ್ಲರದು. ನಾನು ಒಳಗೆ ಮಂಡಕ್ಕಿ ಒಗ್ಗರಣೆ, ಮಿರ್ಚಿ, ಚಹಾ, ಮತ್ತೆ ಚಹಾ. ಚನ್ನಣ್ಣ ಮೆಣಸಿನಕಾಯಿ ದಲಾಲಿ ಅಂಗಡಿಯವರು. ಅವರು ಬಂದರೆ ಅಂಗಿಯ ಜೊತೆ ಬ್ಯಾಡಗಿಯ ಮಾರುಕಟ್ಟೆ ಯಾರ್ಡಿನ ಘಾಟೂ ಬರುತ್ತಿತ್ತು, ನಾನು ಸೀನಿ ಸೀನಿ ಸುಸ್ತು.

"ನಮ್ಮ ಮನಿಗೆ ರವಿವಾರ ಅನ್ನೂದ ಇಲ್ಲೇನ್ರಿ?" ಅಂತ ಎಷ್ಟು ಸಲ ಸಿಡುಕಿದ್ದೇನೆ!

ಈಗ ರವಿವಾರ ಇದೆ ನೋಡಿ. ಬೆಳಗಿನಿಂದ ಸಂಜೆಯ ತನಕ ಪೂರಾ ರವಿವಾರ. ಏನು ಮಾಡಲಿ ಅದನ್ನು ಇಟ್ಟುಕೊಂಡು?

ನಮ್ಮವರ ಕಾರ್ಯ ಮುಗಿದ ಮೇಲೆ ಅವರ ಗೆಳೆಯರೆಲ್ಲ ಒಮ್ಮೆ ಬಂದರು. ಮೆಟ್ಟಿಲ ಕೆಳಗೇ ನಿಂತರು. ತಲೆ ಬಗ್ಗಿಸಿ, ಬಾಳೆಹಣ್ಣಿನ ಚೀಲ ಕಟ್ಟೆಯ ಮೇಲಿಟ್ಟು, ಎಲ್ಲರೂ ಒಂದೇ ಮಾತು ಹೇಳಿದರು. "ಏನರ ಬೇಕಾದ್ರ ಒಂದು ಫೋನ್ ಹಚ್ರಿ ಮೇಡಮ್ಮಾರ."

ಅವತ್ತಿನ ತನಕ ಚನ್ನಣ್ಣನಿಗೆ ನಾನು 'ವೈನಿ', ಅಂದರೆ ಅತ್ತಿಗೆ, ಆಗಿದ್ದೆ. "ವೈನೀ, ಚಾಕ್ಕ ಸಕ್ರಿ ಹಾಕೂದು ಮರತ್ರೇನು?" ಅಂತ ಅಡುಗೆಮನೆಯ ಬಾಗಿಲ ತನಕ ಬಂದು ಲೋಟ ತೋರಿಸುತ್ತಿದ್ದ ಮನುಷ್ಯ ಒಂದೇ ದಿನದಲ್ಲಿ 'ಮೇಡಮ್ಮಾರ' ಅಂದರು. ಆಮೇಲೆ ಅವರು ಬರಲಿಲ್ಲ. ಅವರಷ್ಟೇ ಅಲ್ಲ, ಯಾರೂ ಬರಲಿಲ್ಲ. ಒಬ್ಬಂಟಿ ಹೆಣ್ಣುಮಗಳಿರುವ ಮನೆಗೆ ಗಂಡಸರು ಹೋಗಿ ಕೂರುವುದು ಸರಿಯಲ್ಲ ಅಂತ ನಮ್ಮ ಕಡೆಯ ರೂಢಿ. ದುಷ್ಟತನವಲ್ಲ ಅದು. ಮರ್ಯಾದೆ! ದಾರಿಯಲ್ಲಿ ಕಂಡರೆ ಮೋಟಾರ್ ಸೈಕಲ್ ನಿಲ್ಲಿಸಿ, ಕೈ ಮುಗಿದು, "ಅರಾಮ ಅದೀರಿಲ್ಲೋ?" ಅಂತ ಕೇಳಿ, ನಾನು ಉತ್ತರ ಹೇಳುವುದರೊಳಗೆ ಹೋಗಿಬಿಡುತ್ತಾರೆ. ಬಸ್ಸಿನಲ್ಲಿ ಸೀಟು ಬಿಟ್ಟುಕೊಟ್ಟು ಮುಂದೆ ಹೋಗಿ ನಿಲ್ಲುತ್ತಾರೆ.

ಏನಾದರೂ ಬೇಕಾದರೆ ಫೋನ್ ಹಚ್ಚಬೇಕಂತೆ. ಏನಂತ ಹಚ್ಚಲಿ? 'ನಮ್ಮ ಕಟ್ಟೆ ಖಾಲಿ ಐತಿ, ಯಾರನ್ನರ ಕಳಸ್ರಿ' ಅನ್ನಲೇ?

ಹಾಗಾಗಿ ಜೀಪು ಸದ್ದು ಮಾಡಿದಾಗ ನನಗೆ ಒಳಗೊಳಗೇ ಖುಷಿಯಾಯಿತು. ಖರೇ ಹೇಳುತ್ತೇನೆ. ಗ್ಯಾರೇಜಿನವರು ಈ ಕೆಲಸವನ್ನು ಹಾಗೆ ಹೀಗೆ ಅನ್ನುವುದರೊಳಗೆ ಮುಗಿಸುತ್ತಿದ್ದರು. ಆದರೆ ಜೀಪು ನೆಪ. ನಮ್ಮ ಅಂಗಳದಲ್ಲಿ ಒಂದು ರವಿವಾರ ಜನ ಸೇರಬೇಕು, ಚನ್ನಣ್ಣ ಬಂದು ಕಟ್ಟೆಯ ಮೇಲೆ ಕೂರಬೇಕು. ನನಗೆ ಬೇಕಾಗಿದ್ದದ್ದು ಅಷ್ಟೇ.

ಕಾಲೇಜು ಬಿಟ್ಟ ಮೇಲೆ ರಾಣೆಬೆನ್ನೂರಿನ ಒಂದು ಬಿಡಿಭಾಗದ ಅಂಗಡಿಗೆ ಹೋದೆ.

"ಕ್ರಾಸ್ ಯಾರು ಹಾಕಾವ್ರು ಮೇಡಮ್ಮಾರ?" ಅಂಗಡಿಯಾತ ಕೇಳಿದ.

"ನಾನ ಹಾಕ್ತೀನಿ."

ಆತ ನನ್ನ ಬೆನ್ನ ಹಿಂದೆ ಇಣುಕಿದ. ಯಾರೋ ಗಂಡಸು ಬಂದಿರಬೇಕು, ಕಂಬದ ಮರೆಗೆ ನಿಂತಿರಬೇಕು ಅಂತ ಅವನ ಅಂದಾಜು. ಯಾರೂ ಇರಲಿಲ್ಲ. "ಹಳೇ ಗಾಡಿ. ಮಾರಿಬಿಡ್ರೀ ಅಕ್ಕಾರ, ನಿಮಗ್ಯಾಕ ಈ ತ್ರಾಸ" ಅಂದ, ಪಾಪ, ಬಹಳ ಕಳಕಳಿಯಿಂದ. ಎರಡು ಕ್ರಾಸು, ಜೊತೆಗೆ ಒಂದು ಗ್ರೀಸ್ ಡಬ್ಬಿ ಕೊಟ್ಟ.

ಕ್ರಾಸು ತಂದ ಮೇಲಿನ ಮೊದಲ ರವಿವಾರ ಒಂದು ಉಪಾಯ ಮಾಡಿದೆ. ಜೀಪನ್ನು ಗೇಟಿನ ಹೊರಗೆ ತಂದು ನಿಲ್ಲಿಸಿ ಬಾನೆಟ್ ಎತ್ತಿದೆ. ಕೆಟ್ಟದ್ದು ಕೆಳಗಿನ ಕ್ರಾಸು, ಬಾನೆಟ್ಟಿಗೂ ಅದಕ್ಕೂ ಸಂಬಂಧವೇ ಇಲ್ಲ. ಆದರೆ ನಮ್ಮ ಊರಿನಲ್ಲಿ ಬಾನೆಟ್ ಎತ್ತಿದ ಗಾಡಿ ಕಂಡರೆ ಗಂಡಸರ ಕಾಲು ತಾನಾಗಿಯೇ ನಿಲ್ಲುತ್ತದೆ. ಕಾರ್ಬುರೇಟರ್ ಯಾವುದು ಅಂತ ಗೊತ್ತಿಲ್ಲದವನೂ ಬಂದು ಬಗ್ಗಿ ನೋಡಿ "ಕರೆಂಟ್ ಬರಾಕತ್ತೇತೇನು?" ಅಂತ ಕೇಳಿ ಹೋಗುತ್ತಾನೆ. ಮೀನಿಗೆ ಗಾಳ ಹಾಕಿದ ಹಾಗೆ ನಾನು ಬಾನೆಟ್ ಎತ್ತಿ ಕಾದೆ.

ಬಂದರು. ದೂರದಿಂದ ಬಾನೆಟ್ ನೋಡಿದರು, ಕಾಲು ತಾನಾಗಿಯೇ ಈ ಕಡೆ ತಿರುಗಿತು, ಹತ್ತಿರ ಬಂದು ನನ್ನನ್ನು ನೋಡಿದರು. "ಮೆಕ್ಯಾನಿಕ್ ಬರಾಕತ್ತಾನ್ರಿ? ಬರ್ತಾನ ತಗೋರಿ" ಅಂತ ತಮ್ಮಷ್ಟಕ್ಕೆ ತಾವೇ ಸಮಾಧಾನ ಮಾಡಿಕೊಂಡು ಹೋದರು. ಒಬ್ಬರಂತೂ ಬಿಸಿಲಿದೆ, ಒಳಗೆ ಕೂರಿ ಅಂತ ಹೇಳಿ ಹೋದರು. ಬಾನೆಟ್ ಇಳಿಸಿ ಜೀಪನ್ನು ಒಳಗೆ ತಂದೆ.

ಸರಿ, ಒಬ್ಬಳೇ ಮಾಡಿದರಾಯಿತು ಅಂತ ಹಿಂದಿನ ಒಂದು ಗಾಲಿಯನ್ನು ಜಾಕ್ ಕೊಟ್ಟು ಎತ್ತಿ ಕೆಳಗೆ ನುಸುಳಿದೆ. ಈ ಕೆಲಸದಲ್ಲಿ ಒಂದು ತೊಡಕಿದೆ. ಶಾಫ್ಟಿನ ನಟ್ಟು ಬಿಚ್ಚಬೇಕಾದರೆ ಜೀಪು ಗೇರಿನಲ್ಲಿರಬೇಕು, ಇಲ್ಲದಿದ್ದರೆ ಪಾನಾದ ಜೊತೆ ಶಾಫ್ಟೂ ತಿರುಗುತ್ತದೆ. ಮುಂದಿನ ನಟ್ಟು ಕೈಗೆ ಸಿಗಬೇಕಾದರೆ ನ್ಯೂಟ್ರಲ್ ಮಾಡಿ ಶಾಫ್ಟನ್ನು ತಿರುಗಿಸಬೇಕು. ಹಾಗಾಗಿ ಕೆಳಗೆ ಒಬ್ಬರು, ಮೇಲೆ ಸೀಟಿನಲ್ಲಿ ಒಬ್ಬರು. ಮೇಲೆ ಕೂರುವ ಕೆಲಸ ಯಾವಾಗಲೂ ನನ್ನದಾಗಿತ್ತು. ಕೆಳಗಿನಿಂದ ನಮ್ಮವರು "ಗೇರ್" ಅಂದರೆ ಗೇರ್, "ನ್ಯೂಟ್ರಲ್" ಅಂದರೆ ನ್ಯೂಟ್ರಲ್. ಮಡಿಲಲ್ಲಿ ಉತ್ತರಪತ್ರಿಕೆ ಇಟ್ಟುಕೊಂಡು ತಿದ್ದುತ್ತ ಇನ್ನೊಂದು ಕೈಯಿಂದ ಇದನ್ನು ಮಾಡುತ್ತಿದ್ದೆ.

ಈಗ ಎರಡೂ ನಾನೇ. ಗೇರ್ ಹಾಕಿ ಕೆಳಗೆ ನುಸುಳಿ ಒಂದು ನಟ್ಟು ಸಡಿಲು ಮಾಡುವುದು, ಹೊರಗೆ ತೆವಳಿ ಎದ್ದು ನ್ಯೂಟ್ರಲ್ ಮಾಡುವುದು, ಮತ್ತೆ ಕೆಳಗೆ, ಮತ್ತೆ ಮೇಲೆ. ಒಮ್ಮೆ ಕೆಳಗೆ ಮಲಗಿದವಳು ಮರೆತು "ಗೇರ್" ಅಂತ ಕೂಗಿದೆ.

ಕೂಗಿದ ಮೇಲೆ ಸುಮ್ಮನೆ ಮಲಗಿಕೊಂಡೆ. ಜೀಪಿನ ಹೊಟ್ಟೆ ನೋಡುತ್ತ ಅತ್ತೆ. ಗ್ರೀಸಿನ ಕೈಯಿಂದ ಕಣ್ಣು ಒರೆಸಿಕೊಳ್ಳಬಾರದು ಅಂತ ಆಮೇಲೆ ಗೊತ್ತಾಯಿತು.

ಅವತ್ತೇ ಚನ್ನಣ್ಣನಿಗೆ ಫೋನ್ ಹಚ್ಚಿದೆ.

"ಚನ್ನಣ್ಣ, ಜೀಪಿನ ಕ್ರಾಸ್ ಹೋಗ್ಯಾವ. ಹೊಸಾವು ತಂದೇನಿ. ಮನ್ಯಾಗ ಹಾಕಬೇಕು, ಮುಂದಿನ ರವಿವಾರ ಬರ್ರಿ."



"ಗ್ಯಾರೇಜಿನವ್ರಿಗೆ ಹೇಳ್ತೀನ್ರಿ ಮೇಡಮ್ಮಾರ. ಅವರ ಬಂದು ಒಯ್ದು, ಮಾಡಿ ತಂದು ನಿಲ್ಲಸ್ತಾರ. ನೀವೇನೂ ತಲಿ ಕೆಡಿಸ್ಕೋಬ್ಯಾಡ್ರಿ."

"ಗ್ಯಾರೇಜು ನನಗೂ ಗೊತ್ತೈತ್ರಿ. ಏನರ ಬೇಕಾದ್ರ ಫೋನ್ ಹಚ್ರಿ ಅಂದಿದ್ರಿ. ಹಚ್ಚೇನಿ. ಬರ್ತೀರೋ ಇಲ್ಲೋ?"

ಅವರು ಗಂಟಲು ಸರಿಮಾಡಿಕೊಂಡು, "ಆಗಲ್ರಿ. ಶಾಂತಾನ್ನ ಕರಕೊಂಡು ಬರ್ತೀನಿ" ಅಂದರು.

ಆ ವಾರ ನಾನು ಏನೆಲ್ಲ ಮಾಡಿದೆ ಕೇಳಬೇಡಿ. ಕಟ್ಟೆ ತೊಳೆದೆ. ಮಂಡಕ್ಕಿ ತಂದೆ. ಮಿರ್ಚಿಗೆ ಅಂತ ದಪ್ಪ ಮೆಣಸಿನಕಾಯಿ ಆರಿಸಿ ಆರಿಸಿ ತಂದೆ. ಸಂತೆಯಲ್ಲಿ ಕಾಯಿಪಲ್ಲೆ ಮಾರುವ ಅಜ್ಜಿ "ಏನವ್ವಾ, ಮನ್ಯಾಗ ಕಾರ್ಯಕ್ರಮ ಐತೇನು?" ಅಂತ ಕೇಳಿದಳು. ಹೌದು ಅಂದೆ.

ರವಿವಾರ ಬಂತು. ಕಾರು ಗೇಟಿನ ಮುಂದೆ ನಿಂತಿತು. ಶಾಂತಕ್ಕ ಇಳಿದು ಒಳಗೆ ಬಂದರು. ಚನ್ನಣ್ಣ ಇಳಿದರು, ಗೇಟಿನ ತನಕ ಬಂದರು, ಅಲ್ಲೇ ನಿಂತರು.

"ಬರ್ರಿ" ಅಂದೆ.

"ಇರ್ಲಿ ತಗೋರಿ. ಇಲ್ಲೇ ನೆಳ್ಳ ಐತಿ" ಅಂದರು. ಎಲ್ಲಿಯ ನೆರಳು? ಒಂದು ಕರೆಂಟಿನ ಕಂಬ ಇತ್ತು!

ಅವರ ಲೆಕ್ಕ ಆಗ ನನಗೆ ಗೊತ್ತಾಯಿತು. ಹೆಂಡತಿಯನ್ನು ಕೈಕೆಲಸಕ್ಕೆ ಒಳಗೆ ಕಳಿಸುವುದು, ತಾವು ಬೀದಿಯಲ್ಲಿ ನಿಂತು ಹೇಳುವುದು. ಸಹಾಯವೂ ಆಯಿತು, ಮರ್ಯಾದೆಯೂ ಉಳಿಯಿತು. ನನಗೆ ನಗು ಬಂತು, ಸಿಟ್ಟೂ ಬಂತು. ಕೆಲಸವಾದರೂ ಶುರುವಾಗಲಿ, ಒಂದಿಲ್ಲೊಂದು ಹಂತಕ್ಕೆ ಒಳಗೆ ಬಂದೇ ಬರುತ್ತಾರೆ ಅಂದುಕೊಂಡೆ.

ಶಾಂತಕ್ಕ ಡ್ರೈವರ್ ಸೀಟಿನಲ್ಲಿ ಕೂತಿದ್ದು ಜನ್ಮದಲ್ಲಿ ಅದೇ ಮೊದಲು. "ಇದು ಮುಂದ ಹೋಗೂದೋ ಹಿಂದ ಹೋಗೂದೋ?" ಅಂತ ಗೇರ್ ಹಿಡಿದು ನಡುಗುತ್ತಿದ್ದರು. ಎಂಜಿನ್ ಬಂದ್ ಇದೆ, ಒಂದು ಗಾಲಿ ಜಾಕಿನ ಮೇಲಿದೆ, ಉಳಿದ ಗಾಲಿಗೆ ಕಲ್ಲು ಕೊಟ್ಟಿದೆ, ಎಲ್ಲಿಗೂ ಹೋಗುವುದಿಲ್ಲ ಅಂತ ಹೇಳಿ ಹೇಳಿ ಧೈರ್ಯ ತುಂಬಿದೆ. ಆಮೇಲೆ ನೋಡಬೇಕಿತ್ತು ಅವರನ್ನು. ನಾನು ಕೂಗುವ ಮೊದಲೇ "ಗೇರ್ ಹಾಕ್ಲ್ಯಾ? ತಗೀಲ್ಯಾ?" ಅಂತ ಅವರೇ ಕೇಳುತ್ತಿದ್ದರು. ಹೊರಗೆ ಚನ್ನಣ್ಣ, "ಆಕೀ ಕೈಯಾಗ ಗೇರ್ ಕೊಟ್ರೇನು? ಶಿವ ಶಿವಾ" ಅಂದರು.

ಶಾಫ್ಟು ಕೆಳಗಿಳಿಯಿತು. ಅದು ಹಲ್ಲಿಗೆ ಹಲ್ಲು ಕೂಡಿ ಒಂದರೊಳಗೆ ಒಂದು ಜಾರುವ ಎರಡು ತುಂಡು. ಬೇರೆ ಮಾಡುವ ಮೊದಲು ಗುರುತು ಹಾಕಬೇಕು, ಮತ್ತೆ ಕೂಡಿಸುವಾಗ ಅದೇ ಸಾಲಿಗೆ ಬರಬೇಕು. ಇಲ್ಲದಿದ್ದರೆ ಗಾಡಿ ನಡುಗುತ್ತದೆ. ನಾನು ಕಾಲೇಜಿನ ಚಾಕ್‌ಪೀಸು ತಂದು ಎರಡೂ ತುಂಡಿನ ಮೇಲೆ ಚಂದವಾಗಿ ಗೆರೆ ಎಳೆದೆ.

"ಗುರುತು ಮಾಡಿದ್ರಿಲ್ಲೋ?" ಹೊರಗಿನಿಂದ.

"ಮಾಡೀವ್ರಿ!" ಒಳಗಿನಿಂದ.

ಹಳೇ ಕ್ರಾಸು ಬಡಿದು ಹೊರಗೆ ತೆಗೆದೆವು. ಹೊಸದನ್ನು ಕೂರಿಸುವಾಗ ಒಂದು ಕಡೆ ಬಿಗಿಯಾಯಿತು. ಕ್ರಾಸಿನ ನಾಲ್ಕೂ ತುದಿಗೆ ಒಂದೊಂದು ಚಿಕ್ಕ ಬಟ್ಟಲಿರುತ್ತದೆ, ಅದರೊಳಗೆ ಸೂಜಿಯಂಥ ಸಣ್ಣ ಸಣ್ಣ ಸಲಾಕೆ ಸಾಲಾಗಿ ನಿಂತಿರುತ್ತವೆ. ಒಂದು ಬಟ್ಟಲು ಒಳಗೆ ಹೋಗಲೊಲ್ಲದು. ನಾನು ಸುತ್ತಿಗೆ ಎತ್ತಿ ಜೋರಾಗಿ ಬಾರಿಸಿದೆ.

"ವೈನೀ! ಬಡೀಬ್ಯಾಡ್ರಿ ವೈನೀ, ಸೂಜಿ ಬಿದ್ದಾವ ಒಳಗ!"

ಸದ್ದು ಕೇಳಿಯೇ ಗೊತ್ತು ಮಾಡಿಕೊಂಡು ಚನ್ನಣ್ಣ ಗೇಟಿನ ಸರಳು ಹಿಡಿದು ಕೂಗಿದ್ದರು. ಬಟ್ಟಲು ತೆಗೆದು ನೋಡಿದೆ. ಹೌದು, ಒಂದು ಸೂಜಿ ಅಡ್ಡ ಮಲಗಿತ್ತು. ಇನ್ನೊಂದು ಏಟು ಹಾಕಿದ್ದರೆ ಹೊಸ ಕ್ರಾಸು ಹಾಳು.

ಆದರೆ ನನಗೆ ಸೂಜಿ ಬೇಕಾಗಿರಲಿಲ್ಲ. ಇವರು ನನ್ನನ್ನು ವೈನಿ ಅಂದರಲ್ಲ! ಎಷ್ಟು ದಿನದ ಮೇಲೆ! ಗೇಟಿನ ಕಡೆ ತಿರುಗಿದೆ. ಅವರಿಗೂ ಅದು ಗೊತ್ತಾಗಿರಬೇಕು. ಸರಳು ಬಿಟ್ಟು ಮತ್ತೆ ರಸ್ತೆಯ ಕಡೆ ಮುಖ ಮಾಡಿದರು.

ಶಾಂತಕ್ಕ ಸಣ್ಣ ದನಿಯಲ್ಲಿ ಹೇಳಿದರು, "ಹಾವೇರಿಗೆ ಬಂದಾಗೊಮ್ಮೆ ನಿಮ್ಮ ಓಣಿಗೆ ಗಾಡಿ ತಿರವ್ತಾರ್ರೀ. ಇಲ್ಲೇ ಗೇಟಿನ ಮಟಾ ಬರ್ತಾರ. ನಿಂತು ಹೊಳ್ಳಿ ಹೋಗ್ತಾರ. ಮನೀಗೆ ಬಂದು ಊಟಾ ಮಾಡೂದಿಲ್ಲ."

ನಾನು ಗೇಟಿನ ಈ ಕಡೆ ಕೂತು ಯಾರೂ ಬರುವುದಿಲ್ಲ ಅಂತ ಅಳುತ್ತಿದ್ದೆ. ಅವರು ಆ ಕಡೆ ನಿಂತು ಹೋಗುತ್ತಿದ್ದರು. ಒಂದು ಹಾರ್ನ್ ಹೊಡೆಯುವುದಕ್ಕೆ ಏನಾಗಿತ್ತು ಈ ಮನುಷ್ಯನಿಗೆ?

ಎರಡೂ ಕ್ರಾಸು ಕೂರಿಸಿ ಶಾಫ್ಟಿನ ತುಂಡು ಕೂಡಿಸುವುದಕ್ಕೆ ಕೂತೆವು. ಚಾಕ್‌ಪೀಸಿನ ಗೆರೆ ಹುಡುಕಿದೆ. ಗೆರೆ ಇಲ್ಲ! ಗೆರೆಯಷ್ಟೇ ಅಲ್ಲ, ಒಂದು ಕಲೆಯೂ ಇಲ್ಲ. ಶಾಫ್ಟು ಹೊಸ ಸ್ಟೀಲ್ ತಂಬಿಗೆಯ ಹಾಗೆ ಥಳಥಳ ಹೊಳೆಯುತ್ತಿತ್ತು.

"ಶಾಂತಕ್ಕ, ಇದನ್ನ ಏನು ಮಾಡಿದ್ರಿ?"

"ಭಾಳ ಹೊಲಸಿತ್ರೀ. ನೀವು ಆ ಕಡೆ ಬಡಿಯಾಕತ್ತಿದ್ರಿ, ಸುಮ್ಮನ ಕುಂತು ಏನು ಮಾಡೂದು? ಚಿಮಣಿ ಎಣ್ಣಿ ಹಾಕಿ, ಸೋಪಿನ ಪುಡಿ ಹಾಕಿ, ಛಲೋತ್ನಾಗ ತಿಕ್ಕಿ ತೊಳದೆ."

ಇಬ್ಬರೂ ಮುಖ ಮುಖ ನೋಡಿಕೊಂಡೆವು. ಆಮೇಲೆ ಎಂಥ ನಗು ಬಂತು ಅಂದರೆ ಹೊಟ್ಟೆ ಹಿಡಿದುಕೊಂಡು ನೆಲದ ಮೇಲೆ ಕೂತುಬಿಟ್ಟೆವು. ಆ ಅಂಗಳದಲ್ಲಿ ನಾನು ಹಾಗೆ ನಕ್ಕು ಬಹಳ ಕಾಲವಾಗಿತ್ತು.

"ಏನಾತ್ರೀ? ಸಾಲಿಗೆ ಐತಿಲ್ಲೋ?" ಚನ್ನಣ್ಣ ಕೇಳಿದರು.

"ಐತ್ರೀ!" ಇಬ್ಬರೂ ಕೂಡಿ ಸುಳ್ಳು ಹೇಳಿದೆವು. ಅಂದಾಜಿನ ಮೇಲೆ ಕೂಡಿಸಿ, ಶಾಫ್ಟನ್ನು ಜೀಪಿಗೆ ಏರಿಸಿ ನಟ್ಟು ಬಿಗಿದೆವು.

ಜೀಪು ಚಾಲೂ ಮಾಡಿ ಓಣಿಯ ಕೊನೆಯಾಚೆ ದೊಡ್ಡ ರಸ್ತೆಗೆ ಒಯ್ದೆ. ಖಣ್ ಇಲ್ಲ, ಗುಬ್ಬಿಮರಿ ಇಲ್ಲ. ಸ್ವಲ್ಪ ಜೋರು ಮಾಡಿದ್ದೇ ತಡ, ಜೀಪಿಗೆ ಥಂಡಿ ಜ್ವರ ಬಂದ ಹಾಗೆ ಗಡಗಡ ನಡುಗತೊಡಗಿತು. ಸಾಲು ತಪ್ಪಿತ್ತು.

ತಿರುಗಿಸಿಕೊಂಡು ಬಂದೆ. ನನ್ನ ಮುಖ ನೋಡಿಯೇ ಚನ್ನಣ್ಣ, "ಸಾಲು ತಪ್ಪಿಸೀರಿ" ಅಂದರು. ಹೊರಗೆ ನಿಲ್ಲಿಸಬಹುದಿತ್ತು. ಬೇಕಂತಲೇ ಗೇಟು ದಾಟಿಸಿ ಅಂಗಳದೊಳಗೆ ತಂದು ನಿಲ್ಲಿಸಿದೆ. ಬಂದು ನೋಡಲಿ! ಗೇಟಿನಾಚೆಯಿಂದ ಶಾಫ್ಟಿನ ಸಾಲು ಯಾರಿಗೂ ಕಾಣುವುದಿಲ್ಲ.

"ಒಳಗ ಬರ್ರಿ ಚನ್ನಣ್ಣ. ನಮಗ ತಿಳಿಯಾಣಿಲ್ಲ. ನೀವ ನೋಡಬೇಕು."

ಅವರು ಕದಲಲಿಲ್ಲ. ಎದುರು ಮನೆಯವರು, ಬದಿಯ ಮನೆಯವರು ಎಲ್ಲರೂ ಬಾಗಿಲಿಗೆ ಬಂದಿದ್ದರು. ಚನ್ನಣ್ಣ ಅವರನ್ನೊಮ್ಮೆ ನೋಡಿದರು, ನನ್ನನ್ನೊಮ್ಮೆ.

"ಅದಲ್ರೀ ಮೇಡಮ್ಮಾರ. ಶಿವಾನಂದ ಇದ್ದಾಗಿನ ಮಾತು ಬ್ಯಾರೆ. ಇವತ್ತು ನಾ ಬರ್ತೀನಿ, ನಾಳೆ ಇನ್ನೊಬ್ರು ಬರ್ತಾರ. ನಾಕು ಮಂದಿ ನೋಡ್ತಾರ. ನಿಮ್ಮ ಮ್ಯಾಲ ಒಂದು ಮಾತು ಬರಬಾರದು."

"ಬರ್ಲಿ! ಈ ಮನ್ಯಾಗ ಮಾತು ಅನ್ನೂದು ಬಂದು ಭಾಳ ದಿನಾ ಆತು. ಅದಾದ್ರೂ ಬರ್ಲಿ."

ಓಣಿಯೆಲ್ಲ ಕೇಳುವ ಹಾಗೆ ಕಿರುಚಿದ್ದೆ. ನನ್ನ ದನಿ ನನಗೇ ಹೊಸದು. ಶಾಂತಕ್ಕ ಬಂದು ನನ್ನ ರಟ್ಟೆ ಹಿಡಿದುಕೊಂಡರು. ಚನ್ನಣ್ಣನ ಒಂದು ಕಾಲು ಮುಂದೆ ಬಂತು. ಖರೇನೇ ಬಂತು, ನಾನು ನೋಡಿದೆ. ಮತ್ತೆ ಹಿಂದೆ ಹೋಯಿತು.

"ಗಾಡಿ ಹೊರಗ ತಗೀರಿ" ಅಂದರು, ಬಹಳ ಮೆತ್ತಗೆ. "ನಾ ಮಾಡಿ ಕೊಡ್ತೀನಿ."

ಏನು ಮಾಡಲಿ? ತೆಗೆದೆ.

ಮುಂದೆ ನಡೆದದ್ದನ್ನು ನೀವು ನೋಡಬೇಕಿತ್ತು. ಬ್ಯಾಡಗಿ ಯಾರ್ಡಿನ ದಲಾಲಿ, ಇಸ್ತ್ರಿ ಮಾಡಿದ ಬಿಳಿ ಧೋತರ ಮೇಲಕ್ಕೆ ಕಟ್ಟಿ, ನಡುರಸ್ತೆಯ ಧೂಳಿನಲ್ಲಿ ಅಂಗಾತ ಮಲಗಿ ಜೀಪಿನ ಕೆಳಗೆ ಹೋದರು. ಹೋದರೋ ಇಲ್ಲವೋ, ಎದುರು ಮನೆಯವರು ಬಂದರು. ಬದಿಯ ಮನೆಯವರು ಬಂದರು. ದಾರಿಯಲ್ಲಿ ಹೋಗುತ್ತಿದ್ದವರು ಮೋಟಾರ್ ಸೈಕಲ್ ನಿಲ್ಲಿಸಿದರು. ಯಾರೋ ಬಂದವರೇ ಬಾನೆಟ್ ಎತ್ತಿದರು! ಯಾಕೆ ಅಂತ ಯಾರೂ ಕೇಳಲಿಲ್ಲ. ಒಬ್ಬರು ಟಾರ್ಚು ಹಿಡಿದರು, ಒಬ್ಬರು ಪಾನಾ ಕೊಟ್ಟರು, ಉಳಿದವರು ಸಲಹೆ ಕೊಟ್ಟರು.

"ಇನ್ನೊಂದು ಹಲ್ಲು ತಿರವೋ ಯಪ್ಪಾ."

"ಏ ಸುಮ್ನಿರೋ, ನಿನಗೇನು ಗೊತ್ತು? ನೀ ಟ್ರ್ಯಾಕ್ಟರ್ ಓಡಸಾಂವ."

"ಟ್ರ್ಯಾಕ್ಟರಿಗೆ ಶಾಫ್ಟ್ ಇರಾಣಿಲ್ಲೇನು?"

ಅದೇ ಮಾತು, ಅದೇ ಜಗಳ, ಅದೇ ನಗು. ನಮ್ಮ ಅಂಗಳದಲ್ಲಿ ಇರುತ್ತಿದ್ದದ್ದು ಎಲ್ಲವೂ ಅಲ್ಲಿತ್ತು. ಗೇಟಿನ ಆ ಕಡೆ ಇತ್ತು, ಅಷ್ಟೇ. ರಸ್ತೆಯಲ್ಲಾದರೆ ನಾಲ್ಕು ಮಂದಿಯ ಕಣ್ಣೆದುರು ಅಂತ ಎಲ್ಲರಿಗೂ ಧೈರ್ಯ. ಅಂಗಳದಲ್ಲಾದರೆ ಅದೇ ನಾಲ್ಕು ಮಂದಿಯ ಕಣ್ಣಿಗೆ ಅಂಜಿಕೆ. ಅಲ್ಲಿದ್ದ ನಾಲ್ಕು ಮಂದಿ ಯಾರು ಅಂದರೆ ಅವರೇ!

ನಾನು ಮಿರ್ಚಿ ಕರಿದೆ, ಮಂಡಕ್ಕಿ ಕಲಸಿದೆ, ಚಹಾ ಕಾಸಿದೆ. "ಕಟ್ಟಿ ಮ್ಯಾಲ ಕುಂತು ತಿನ್ರಿ" ಅಂದೆ. "ಇಲ್ಲೇ ಆತ್ರೀ ಮೇಡಮ್ಮಾರ, ಇಲ್ಲೇ ಛಲೋ ಐತಿ" ಅಂತ ಜೀಪಿನ ಮಡ್‌ಗಾರ್ಡಿಗೆ ಆತುಕೊಂಡು ತಿಂದರು. ತಟ್ಟೆ ಖಾಲಿಯಾದವು. ಶಾಂತಕ್ಕ ತಟ್ಟೆ ಒಳಗೆ ತಂದರು, ಒಯ್ದರು. ಗೇಟು ದಾಟಿ ಓಡಾಡಿದವರು ಅವರೊಬ್ಬರೇ.

ಕೆಲಸ ಮುಗಿಯಿತು. ಚನ್ನಣ್ಣ ಎದ್ದರು. ಬೆನ್ನಿಗೆಲ್ಲ ಧೂಳು, ಅಂಗಿಯ ಮೇಲೆ ಕರೀ ಗ್ರೀಸು. ಸ್ವತಃ ಓಡಿಸಿ ನೋಡಿ ಬಂದು ಕೀಲಿಕೈ ನನ್ನ ಕೈಗೆ ಕೊಡದೆ ಬಾನೆಟ್ಟಿನ ಮೇಲೆ ಇಟ್ಟರು.

"ಇನ್ನ ಚಿಂತಿಲ್ರಿ. ನೀರ ಕುಡದಂಗ ಓಡ್ತೈತಿ. ಏನರ ಬೇಕಾದ್ರ ಒಂದು ಫೋನ್ ಹಚ್ರಿ ಮೇಡಮ್ಮಾರ."

ಶಾಂತಕ್ಕ ನನ್ನ ಎರಡೂ ಕೈ ಹಿಡಿದು ಬಿಡಲೊಲ್ಲರು. "ಯಾರ್ಡಿನ ಗದ್ಲ ಮುಗೀಲಿ, ಒಬ್ಬಾಕೀನ ಬಸ್ ಹತ್ತಿ ಬರ್ತೀನ್ರಿ" ಅಂದರು. ಅವರು ಒಬ್ಬರೇ ಬಸ್ಸು ಹತ್ತಿದ್ದನ್ನು ನಾನಂತೂ ನೋಡಿಲ್ಲ. ಬರಲಿ ಅಂತ ಆಸೆ ಇಟ್ಟುಕೊಂಡಿದ್ದೇನೆ.

ಕಾರು ಹೋಯಿತು. ಮೋಟಾರ್ ಸೈಕಲ್ಲುಗಳು ಹೋದವು. ಎದುರು ಮನೆಯವರು ಕೈ ಒರೆಸಿಕೊಂಡು ಒಳಗೆ ಹೋದರು. ನಾನು ಜೀಪನ್ನು ಅಂಗಳಕ್ಕೆ ತಂದು ನಿಲ್ಲಿಸಿದೆ. ಏನೂ ಸದ್ದಿಲ್ಲ. ಎಂಜಿನ್ ಬಂದ್ ಮಾಡಿದ ಮೇಲಂತೂ ಸುತ್ತ ಏನೇನೂ ಸದ್ದಿಲ್ಲ. ಇಷ್ಟು ಚಂದ ರಿಪೇರಿ ಮಾಡಿದ್ದಾರಲ್ಲ ಅಂತ ಖುಷಿಪಡಬೇಕಿತ್ತು. ಸ್ಟೇರಿಂಗ್ ಹಿಡಿದುಕೊಂಡು ಬಹಳ ಹೊತ್ತು ಅಲ್ಲೇ ಕೂತಿದ್ದೆ. ಇನ್ನು ಯಾವ ನೆಪ ಮಾಡಿ ಇವರನ್ನು ಕರೆಯಲಿ? ಬ್ರೇಕು ಕೆಡಬೇಕೇ? ಮನೆಯ ಸೂರು ಸೋರಬೇಕೇ?

ಅವರ ಮೇಲೆ ನನಗೆ ಸಿಟ್ಟಿಲ್ಲ. ಒಳ್ಳೆಯ ಜನ, ನನ್ನ ಮೇಲೆ ಒಂದು ಮಾತು ಬರಬಾರದು ಅಂತ ನಡುರಸ್ತೆಯ ಧೂಳಿನಲ್ಲಿ ಮಲಗುವಷ್ಟು ಒಳ್ಳೆಯವರು. ಈ 'ನಾಲ್ಕು ಮಂದಿ' ಪ್ರತಿ ಊರಿನಲ್ಲೂ ಇದ್ದಾರೆ, ನಿಮ್ಮ ಓಣಿಯಲ್ಲೂ ಇದ್ದಾರೆ, ನೀವೂ ಅವರಲ್ಲಿ ಒಬ್ಬರಿರಬಹುದು. ಗೆಳೆಯ ತೀರಿಕೊಂಡ ಮೇಲೆ ನೀವೂ ಯಾವುದೋ ಮನೆಯ ಮುಂದೆ ಗಾಡಿ ನಿಧಾನ ಮಾಡಿ, ಒಳಗೆ ದೀಪ ಇರುವುದನ್ನು ನೋಡಿ, ಮುಂದೆ ಹೋಗುತ್ತಿರಬಹುದು. ಅದಕ್ಕೇ ನಿಮ್ಮೆಲ್ಲರಿಗೂ ಸೇರಿಸಿ ಕೇಳುತ್ತಿದ್ದೇನೆ.

ಊರಿಗೆ ಊರೇ ನನಗೆ ಇಷ್ಟು ಮರ್ಯಾದೆ ಕೊಡುತ್ತಿದೆಯಲ್ಲ, ಒಬ್ಬರಾದರೂ ಸ್ವಲ್ಪ ಮರ್ಯಾದೆಗೆಟ್ಟು ಬಂದು ನಮ್ಮ ಕಟ್ಟೆಯ ಮೇಲೆ ಕೂರಬಾರದೇ?